ಎಡ ಹುಬ್ಬಿಗೆ ಕಳೆದ ಒಂದು ನಕ್ಷತ್ರ

ಇಂದ:
ಯಂಕಮ್ಮ ಕೋಂ ದಿವಂಗತ ಅಮರಪ್ಪ,
ಬ್ಯೂಟಿಷಿಯನ್ (ಮನೆಬಾಗಿಲಿಗೆ ಬ್ಯೂಟಿಷಿಯನ್ ಕಳುಹಿಸುವ ತಮ್ಮ ಆ್ಯಪ್‌ನ ಭಾಷೆಯಲ್ಲಿ 'ಪಾರ್ಟ್ನರ್'),
ರೈಲ್ವೆ ಸ್ಟೇಷನ್ ಹಿಂದಿನ ಬಾಡಿಗೆ ಕೋಣೆ, ಕೆ.ಆರ್. ಪುರ.

ಗೆ:
ಸನ್ಮಾನ್ಯ ಅಲ್ಗಾರಿದಮ್‌ರವರು,
(ಕಚೇರಿಯ ವಿಳಾಸ ಯಾರೂ ಹೇಳದ ಕಾರಣ) ಫೋನಿನ ಒಳಗೆ.

ವಿಷಯ: ನಾಲ್ಕು ನಕ್ಷತ್ರವನ್ನು ಡಿಸ್ಟಿಂಕ್ಷನ್ ಎಂದು ಪರಿಗಣಿಸುವ ಬಗ್ಗೆ.

ಉಲ್ಲೇಖ: 1. ಅರ್ಜಿದಾರಳ ಮಗಳು ಎಂಟನೇ ವಯಸ್ಸಿನಲ್ಲಿ ಕೊಟ್ಟ ಮಾತು.
2. ತಮ್ಮ ಸಂದೇಶ: "ಹಾಯ್ ಯಂಕಮ್ಮ! ನೀವು ಇನ್ನೂ ಚೆನ್ನಾಗಿ ಮಾಡಬಲ್ಲಿರಿ!"

ಮಾನ್ಯರೇ,

1. ಅರ್ಜಿದಾರಳು ಶಿವಾಜಿನಗರದ ಜಹನಾರಾ ಮೇಡಂ ಪಾರ್ಲರ್‌ನಲ್ಲಿ ದಾರದಿಂದ ಹುಬ್ಬು ತೆಗೆಯುವುದನ್ನು ಕಲಿಯುತ್ತಿದ್ದ ಕಾಲದಲ್ಲಿ, ಮನೆಗೆ ಬಂದು ತನ್ನ ಹುಬ್ಬಿನ ಮೇಲೆಯೇ ಪ್ರಯೋಗ ಮಾಡಿಕೊಂಡು ಮಗಳು ಸೌಂದರ್ಯಾಳಿಗೆ ತೋರಿಸುತ್ತಿದ್ದಳು.

"ಮಂದಿ ಎಲ್ಲಾ ಚಲೋ ಅದ ಅಂತಾರ. ನೀ ಮಾತ್ರ ಖರೇ ಹೇಳಬೇಕು ನೋಡು."

"ಆಣೆ ಅವ್ವ, ಯಾವಾಗ್ಲೂ ಖರೇನ ಹೇಳ್ತೀನಿ. ಈ ಕಡೀ ಹುಬ್ಬು ಓಡಿ ಹೊಂಟದ."

ಸದರಿ ಖರೇ ಮಾತಿನ ಕಾರಣದಿಂದಲೇ ಅರ್ಜಿದಾರಳು ಕೆಲಸ ಕಲಿತಳು.

2. ಸದರಿ ಮಗಳು ಈಗ ಸಾರ್ವಜನಿಕ ನೀತಿಯಲ್ಲಿ ಎಂ.ಎ. ಓದುತ್ತಿದ್ದು, ತಂತ್ರಜ್ಞಾನ, ಅರ್ಥಶಾಸ್ತ್ರ ಮತ್ತು ನ್ಯಾಯವನ್ನು ಊಟದ ತಟ್ಟೆಯ ಮುಂದೆಯೇ ಬಿಡಿಸಿ ಹೇಳುವ ಅಭ್ಯಾಸ ಬೆಳೆಸಿಕೊಂಡಿರುತ್ತಾಳೆ. ಆ್ಯಪ್ ನಂಬಿ ದುಡಿಯುವವರ ಬಗ್ಗೆ ಪ್ರಬಂಧ ಬರೆಯಬೇಕಾದ್ದರಿಂದ, ಕಳೆದ ವಾರ ತಾನೇ ಗಿರಾಕಿಯಾಗಿ ತಮ್ಮ ಆ್ಯಪ್‌ನಲ್ಲಿ ಹುಬ್ಬಿನ ಕೆಲಸ ಬುಕ್ ಮಾಡಿದಳು. ಹತ್ತಿರದಲ್ಲಿ ಬಿಡುವಾಗಿದ್ದವಳು ಅರ್ಜಿದಾರಳೊಬ್ಬಳೇ ಆದ ಕಾರಣ, ತಾವು ಅವಳನ್ನು ಒಲೆಯ ಮುಂದಿನಿಂದ ಬಾಗಿಲ ಬಳಿಗೆ ಕಳುಹಿಸಿರುತ್ತೀರಿ. ದೂರ: ಸೊನ್ನೆ ಕಿಲೋಮೀಟರ್.

3. ಕೆಲಸ ಮುಗಿದ ಮೇಲೆ ಮಗಳು ಕನ್ನಡಿ ನೋಡಿ ನಾಲ್ಕು ನಕ್ಷತ್ರ ಒತ್ತಿದಳು.

"ಯಾಕಬೇ, ಇನ್ನೊಂದು ಎಲ್ಲಿ?"

"ಎಡಗಡೆ ಸ್ವಲ್ಪ ತೆಳ್ಳಗಾಗಿದೆ ಅವ್ವ. ನಾಲ್ಕು ಅಂದ್ರೆ ಎಂಬತ್ತು ಪರ್ಸೆಂಟ್. ಡಿಸ್ಟಿಂಕ್ಷನ್!"

ಶಾಲೆಯ ಡಿಸ್ಟಿಂಕ್ಷನ್ ತಮ್ಮಲ್ಲಿ ಫೇಲ್ ಎಂಬುದು ನೀತಿ ಓದುವವಳಿಗೂ ತಿಳಿದಿರಲಿಲ್ಲ. ಸರಾಸರಿಯು 4.7ಕ್ಕಿಂತ ಕೂದಲೆಳೆಯಷ್ಟು ಕೆಳಗಿಳಿದ ಕಾರಣ, ಭಾನುವಾರದೊಳಗೆ ಮೇಲೇರದಿದ್ದರೆ ಕೆಲಸ ಕೊಡುವ ಐಡಿ ಬಂದ್ ಎಂದು ತಾವು ನಗುಮುಖದ ಚಿತ್ರದೊಂದಿಗೆ ತಿಳಿಸಿರುತ್ತೀರಿ. ಅರ್ಜಿದಾರಳ ಮನೆಗೆ ಬೇರೆ ದುಡಿಮೆ ಇರುವುದಿಲ್ಲ.

4. ಇದಕ್ಕೂ ಮುಂಚೆ ಇಂದಿರಾನಗರದಲ್ಲಿ ಲಿಫ್ಟ್ ಕೆಟ್ಟು, ಏಳು ಮಹಡಿ ಹತ್ತಿ ಹೋದ ಅರ್ಜಿದಾರಳು ಬೆವರುತ್ತಿದ್ದಳೆಂದು ಒಬ್ಬ ಗಿರಾಕಿ ಎರಡು ನಕ್ಷತ್ರ ಕೊಟ್ಟಿದ್ದರು. ಅವು ಲಿಫ್ಟಿನ ಖಾತೆಗೆ ಹೋಗತಕ್ಕವು.

5. ಐಡಿಯ ಸುದ್ದಿ ಕೇಳಿ ಮಗಳು ಕೆಂಡಾಮಂಡಲವಾದಳು.

"ಎಲ್ರಿಗೂ ಐದೇ ಕೊಡ್ಬೇಕು ಅಂದ್ರೆ ಐದಕ್ಕೆ ಏನರ್ಥ? ರಿಸ್ಕ್ ಎಲ್ಲಾ ನಿನ್ನ ತಲೆ ಮೇಲೆ, ಲಾಭ ಅವ್ರಿಗೆ. ಸಿಸ್ಟಮ್ ಬದಲಾಗ್ಬೇಕು!"

"ಆಗ್ಲಿ. ಅಲ್ಲೀತನ ಗ್ಯಾಸ್ ಸಿಲಿಂಡರ್ ನಿನ್ನ ಸಿಸ್ಟಮ್ಮು ತಂದು ಇಡ್ತದೇನು?"

"ಹಾಗಂತ ಸುಳ್ಳು ಒತ್ಲಾ? ಆಣೆ ಹಾಕಿಸ್ಕೊಂಡಿದ್ದು ಯಾರು?"



6. ತಮ್ಮ ಸಹಾಯವಾಣಿಯನ್ನು ಸಂಪರ್ಕಿಸಲಾಗಿ, "ನಿಮ್ಮ ಭಾವನೆ ನಮಗೆ ಅರ್ಥವಾಗುತ್ತದೆ" ಎಂಬ ಉತ್ತರ ಬಂದಿತು. ಅರ್ಜಿದಾರಳು ಅಲ್ಲಿಯವರೆಗೆ ಬಾಯಿಯನ್ನೇ ತೆರೆದಿರಲಿಲ್ಲ.

ಆದ್ದರಿಂದ, ಮೇಲ್ಕಂಡ ಕಾರಣಗಳಿಂದ, ತಾವು ದಯವಿಟ್ಟು ನಾಲ್ಕನ್ನು ನಾಲ್ಕೆಂದೇ ಓದಿಕೊಂಡು, ಮಕ್ಕಳು ಖರೇ ಹೇಳಿದರೂ ಅವ್ವಂದಿರ ಕೆಲಸ ಉಳಿಯುವಂತೆ ಆದೇಶಿಸಬೇಕಾಗಿ ಕೋರಿಕೆ.

ಐದರಲ್ಲಿ ನಾಲ್ಕು ಪಾಲು ತಮ್ಮ ವಿಶ್ವಾಸಿ,
ಯಂಕಮ್ಮ

ಲಗತ್ತುಗಳು:
1. ನಗುಮುಖದ ಎಚ್ಚರಿಕೆಯ ಸ್ಕ್ರೀನ್‌ಶಾಟ್.
2. ಎಡ ಹುಬ್ಬಿನ ಫೋಟೊ (ಹೋಲಿಕೆಗೆ ಬಲ ಹುಬ್ಬು ಸಹಿತ).

ವಿ.ಸೂ.: ಅರ್ಜಿ ಬರೆದು ಮುಗಿಸುವಷ್ಟರಲ್ಲಿ ಶನಿವಾರವಾಗಿ, ಮಗಳು ಮತ್ತೊಮ್ಮೆ ಬುಕ್ ಮಾಡಿದಳು. ಹುಬ್ಬಿನಲ್ಲಿ ತೆಗೆಯಲು ಕೂದಲಿರಲಿಲ್ಲ. ಅರ್ಜಿದಾರಳು ದಾರ ಹಿಡಿದುಕೊಂಡು ಸುಮ್ಮನೆ ಎದುರಿಗೆ ಕೂತಿದ್ದಳು. ಮಗಳು ಕನ್ನಡಿ ನೋಡಲಿಲ್ಲ, ಐದು ಒತ್ತಿದಳು. ಐಡಿ ಉಳಿದಿದೆ. ಉಲ್ಲೇಖ ಒಂದರ ಮಾತು ಮುರಿದಿದೆ.