ಅತ್ತೆಯ ಮನೆಗೆ ಚಾಲೂ ಟ್ರ್ಯಾಕ್ಟರ್

"ಹಳೇ ಟ್ರ್ಯಾಕ್ಟರ್ ಆರಿಸೂದಂದ್ರ ಏನ್ ಮಹಾ! ಕಣ್ಣಿರಬೇಕು, ಅಷ್ಟ!"

ಕೋಟನೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ನಿಂತು ನಾನು ಹೀಗೆ ಗುಡುಗಿದಾಗ ನನ್ನ ಹೆಂಡತಿ ನಾಗರತ್ನಾ ತೊಗರಿ ಹಸನು ಮಾಡುತ್ತಿದ್ದಳು. ಮೊರದಿಂದ ತಲೆ ಎತ್ತಲಿಲ್ಲ.

"ನಿಮ್ಮ ಕಣ್ಣು ನನಗ ಗೊತ್ತದ ಬಿಡ್ರಿ. ಹ್ವಾದ ವಾರ ತಂದ ಬದನಿಕಾಯಿ ಚಿತ್ರದಾಗ ಇದ್ದಂಗ ಇದ್ದವು. ಕೊಯ್ದ್ರ ಬರೇ ಹುಳ!"

ನಾನು ಕಲಬುರಗಿಯ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ. ಕೆಂಪಿನಲ್ಲೇ ಎಷ್ಟು ಬಗೆಯ ಕೆಂಪುಗಳಿವೆ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳಬಲ್ಲೆ. ಅಂಥವನ ಕಣ್ಣನ್ನು ಬದನೆಕಾಯಿಯಿಂದ ಅಳೆಯುವುದೇ!

ವಿಷಯ ಕಮಲಾಪುರದ ನನ್ನ ಅತ್ತೆ ಚಂದಮ್ಮನವರದು. ಮಾವ ತೀರಿಹೋದ ಮೇಲೆ ಹೊಲವನ್ನೆಲ್ಲ ಅವರೇ ನೋಡಿಕೊಂಡು ಕೆಂಪು ಬಾಳೆ, ತೊಗರಿ ಬೆಳೆಯುತ್ತಾರೆ. ಆದರೆ ಉಳುಮೆಗೆ ಮಾತ್ರ ಪ್ರತಿ ಸಲವೂ ನೆರೆಮನೆಯ ಮಲ್ಲಣ್ಣನ ಬಾಡಿಗೆ ಟ್ರ್ಯಾಕ್ಟರ್‌ಗೆ ಕಾಯಬೇಕು. ಅವನು ತನ್ನ ಬೀಗರು, ಬಿಜ್ಜರು ಎಲ್ಲರ ಹೊಲ ಮುಗಿಸಿ ಇವರಲ್ಲಿಗೆ ಬರುವಷ್ಟರಲ್ಲಿ ನೆಲದ ಹದ ಹಾರಿಹೋಗಿರುತ್ತದೆ. ಈ ಸಲ ಅತ್ತೆಗೆ ಸಿಟ್ಟು ನೆತ್ತಿಗೇರಿ, "ಇನ್ನ ನಿನ್ನ ಬಾಗಲಿಗಿ ಬರಂಗಿಲ್ಲೋ ಮಲ್ಲಣ್ಣ. ನಮ್ಮ ಅಳ್ಯಾರು ಟ್ರ್ಯಾಕ್ಟರ್ ತರ್ತಾರ!" ಎಂದು ಓಣಿಯೆಲ್ಲ ಕೇಳುವಂತೆ ಹೇಳಿ ಬಂದಿದ್ದರು.

ಓಣಿಗೆ ಕೇಳುವ ಆ ದನಿ ನನಗೆ ಮಾತ್ರ ಎಂದೂ ಕೇಳಿದ್ದಿಲ್ಲ! ಮದುವೆಯಾದಂದಿನಿಂದ ಅತ್ತೆ ನನ್ನೆದುರು ಸೆರಗು ಸರಿಸಿದವರಲ್ಲ, ದನಿ ಎತ್ತಿದವರಲ್ಲ. ಬಾಗಿಲ ಮರೆಯಲ್ಲಿ ನಿಂತು, "ನಾಗೂ, ಅವರಿಗಿ ಇನ್ನೊಂದು ರೊಟ್ಟಿ ಬೇಕೇನು ಕೇಳು" ಎಂದು ಮಗಳ ಕಿವಿಯಲ್ಲಿ ಉಸುರುವರು. ಅಂಥ ಮರ್ಯಾದೆಗೆ ತಕ್ಕ ಟ್ರ್ಯಾಕ್ಟರ್ ತರದಿದ್ದರೆ ನಾನೆಂಥ ಅಳಿಯ!

ಮರುದಿನ ಬೆಳಿಗ್ಗೆ ರಿಂಗ್ ರೋಡಿನ ಪಕ್ಕದಲ್ಲಿ ಹಳೆಯ ಟ್ರ್ಯಾಕ್ಟರ್ ಮಾರುವ ವಹಾಬ್‌ನ ಅಂಗಳಕ್ಕೆ ಪತ್ನೀಸಮೇತ ದಾಳಿ ಇಟ್ಟೆ. ಮೊಬೈಲಿನಲ್ಲಿ ನೋಡಿಕೊಂಡಿದ್ದ ವಿದ್ಯೆಯನ್ನೆಲ್ಲ ಪ್ರಯೋಗಿಸಿದೆ. ಟಯರಿಗೆ ಒದ್ದೆ. ಒದೆದ ಕಾಲು ನೋಯಿತು, ಎಂದಮೇಲೆ ಟಯರು ಗಟ್ಟಿ! ಎಂಜಿನ್ ಎಣ್ಣೆಯನ್ನು ಬೆರಳಿಗೆ ಹಚ್ಚಿಕೊಂಡು ಮೂಸಿ, ಏನೂ ತಿಳಿಯದೆ "ಹ್ಞೂಂ" ಎಂದೆ.

ವಹಾಬ್ ಒಂದು ಮಾಸಿದ ನೀಲಿ ಟ್ರ್ಯಾಕ್ಟರ್ ತೋರಿಸಿದ. "ಸರ್, ಇದು ತಗೋರಿ. ನೋಡಾಕ ಖರಾಬ್ ಅದ, ಕೆಲಸಕ್ಕ ಪಕ್ಕಾ ಅದ."

ಬಣ್ಣ ಎದ್ದು, ಮೈತುಂಬ ಕೆಸರು ಮೆತ್ತಿಕೊಂಡ ಗಾಡಿ. ಹೋಗದ ಮಾಲನ್ನು ಮಾಸ್ತರನ ತಲೆಗೆ ಕಟ್ಟಲು ನೋಡುತ್ತಿದ್ದಾನೆ, ಭಪ್ಪರೆ! ಅದರ ಹಿಂದೆಯೇ ಮದುವಣಗಿತ್ತಿಯಂತೆ ನಿಂತಿತ್ತು ಒಂದು ಕೆಂಪು ಟ್ರ್ಯಾಕ್ಟರ್. ಎಂಥ ಕೆಂಪು! ಬಾನೆಟ್ಟಿನಲ್ಲಿ ನನ್ನ ಮುಖವೇ ಕಾಣುತ್ತಿತ್ತು, ಅದೂ ಇದ್ದದ್ದಕ್ಕಿಂತ ಚೆಂದ.

"ಇದು ಬೇಕು!"

"ಸರ್, ಅದು ಈಗ ಬಂದದ. ಬಣ್ಣ ಅಷ್ಟ ಆಗ್ಯಾದ, ರಿಪೇರಿ ಇನ್ನಾ ಬಾಕಿ ಅದ."

"ನನಗ ಕಲಿಸಬ್ಯಾಡ್ರಿ!"

ನಾಗರತ್ನಾ ನನ್ನ ತೋಳು ಜಗ್ಗಿದಳು. "ರೀ, ಮಾರಾವನೇ ಬ್ಯಾಡ ಅನ್ಲಾಕತ್ತಾನ!"

"ಅದೇ ಅವನ ಹಿಕಮತ್! ಛಲೋ ಗಾಡಿ ಯಾರಿಗೋ ಎತ್ತಿಟ್ಟಾನ!"

ವಹಾಬ್ ಕೈ ಮುಗಿದ. ಮುಂಗಡವಾಗಿ ಸ್ವಲ್ಪ ಇಸಾರಾ ಕೊಟ್ಟು, ಒಂದು ದಿನ ಓಡಿಸಿ ನೋಡಿ ಬೇಡವಾದರೆ ಬಿಡುವುದೆಂದು ಮಾತಾಯಿತು. ಊರು ಮುಟ್ಟುವಷ್ಟು ಡೀಸೆಲ್ ಹಾಕಿಸಿ, ಹತ್ತೂವರೆಗೆ ನಮ್ಮ ದಿಗ್ವಿಜಯ ಹೊರಟಿತು! ಸೀಟಿನಲ್ಲಿ ನಾನು, ಪಕ್ಕದ ಮಡ್‌ಗಾರ್ಡ್ ಮೇಲೆ ರೇಷ್ಮೆ ಸೀರೆಯ ನಾಗರತ್ನಾ. ಆ ಕುಲುಕಾಟಕ್ಕೆ ಅವಳು ಬೈದದ್ದೂ ತುಂಡುತುಂಡಾಗಿಯೇ ಕೇಳಿಸುತ್ತಿತ್ತು. ಸೈಕಲ್ಲುಗಳು ನಮ್ಮನ್ನು ದಾಟಿ ಹೋದವು. ಒಂದು ಎಮ್ಮೆ ಬಹಳ ಹೊತ್ತು ನಮ್ಮ ಸಮಸಮಕ್ಕೆ ನಡೆದು, ಬೇಸರವಾಗಿ ಮುಂದೆ ಹೋಯಿತು.

ಮಹಾಗಾಂವ್ ಕ್ರಾಸಿನಲ್ಲಿ ಚಹಾ ಕುಡಿಯೋಣವೆಂದು ಎಂಜಿನ್ ನಿಲ್ಲಿಸುವ ಗುಂಡಿ ಎಳೆದೆ. ಬಂತು. ಇನ್ನೂ ಎಳೆದೆ. ಇನ್ನೂ ಬಂತು! ಕೊನೆಗೆ ಗುಂಡಿ, ಅದರ ಹಿಂದೆ ಮೊಳದುದ್ದ ವೈರು, ಎಲ್ಲ ನನ್ನ ಕೈಯಲ್ಲಿ. ಎಂಜಿನ್ ಮಾತ್ರ ಡಗಡಗ ಎನ್ನುತ್ತಲೇ ಇತ್ತು.

ವಹಾಬ್‌ಗೆ ಫೋನ್ ಮಾಡಿ ಒಂದು ಕಿವಿ ಮುಚ್ಚಿಕೊಂಡು ಕೂಗಿದೆ. "ಬಂದ್ ಆಗವಲ್ದು!"

"ಬಂದ್ ಮಾಡಲೇಬ್ಯಾಡ್ರಿ ಸರ್! ಒಮ್ಮೆ ಬಂದ್ ಆದ್ರ ಮತ್ತ ಚಾಲೂ ಆಗೂದು ಆ ಅಲ್ಲಾಗ ಗೊತ್ತು. ಅದಕ್ಕ ನೀಲಿದು ತಗೋರಿ ಅಂದಿದ್ದೆ!"

ನಾಗರತ್ನಾ ನನ್ನ ಕಿವಿಗೆ ಬಾಯಿ ಹಚ್ಚಿ ಚೀರಿದಳು. "ಗಾಡಿ ಚಾಲೂ ಅದ, ಮಾರಾವ ಚಾಲೂ ಇಲ್ಲ. ತಗೊಂಡಾವ ಬಂದ್ ಬಿದ್ದಾನ!"

ಚಹಾವನ್ನು ಗಾಡಿಯ ಮೇಲೆ ಕೂತೇ ಕುಡಿದೆವು. ಕುಡಿದದ್ದು ಸ್ವಲ್ಪ, ಸೀರೆಗೆ ಕುಡಿಸಿದ್ದು ಹೆಚ್ಚು.

ಕಮಲಾಪುರ ಮುಟ್ಟಿದಾಗ ಅತ್ತೆಯ ಮನೆಯ ಮುಂದೆ ಓಣಿಗೆ ಓಣಿಯೇ ನೆರೆದಿತ್ತು. ಎದುರಿಗೆ ಕೈಕಟ್ಟಿ ನಿಂತವನು ಮಲ್ಲಣ್ಣ! ಬಾಗಿಲಲ್ಲಿ ಸೆರಗು ಹೊದ್ದು ಅತ್ತೆ. ಅವರ ಮುಖದಲ್ಲಿದ್ದ ಆ ಹೆಮ್ಮೆ ಕಂಡು ನನಗೆ ಅಲ್ಲೇ ಗಾಡಿಯಡಿ ಮಲಗಿಬಿಡಬೇಕು ಎನಿಸಿತು.

ಪೂಜೆ ಸುರುವಾಯಿತು. ಬಾನೆಟ್ಟಿನ ಮೇಲಿಟ್ಟ ತೆಂಗಿನಕಾಯಿ ಕುಣಿಯುತ್ತ ಕುಣಿಯುತ್ತ ಬಂದು ಪೂಜೆ ಮಾಡುವ ಅಜ್ಜನ ಪಾದಕ್ಕೆ ತಾನೇ ಒಡೆದುಕೊಂಡಿತು. ಹೆಂಗಸರು ಆರತಿ ಎತ್ತಿದರು. ಸೈಲೆನ್ಸರ್ ಒಂದು ಸಲ ಫುಸ್ ಎಂದಿತು. ದೀಪ ನಂದಿ, ಎಲ್ಲರ ಮುಖವೂ ಒಂದೇ ಬಣ್ಣಕ್ಕೆ ಬಂತು.

"ಬಂದ್ ಮಾಡ್ರೀ!" ಎಂದು ಜನ ಸನ್ನೆ ಮಾಡಿದರು. ನಾನು ಕೈಯಲ್ಲಿದ್ದ ಗುಂಡಿಯನ್ನೂ ವೈರನ್ನೂ ಎತ್ತಿ ತೋರಿಸಿದೆ. ಮಲ್ಲಣ್ಣನ ಮೀಸೆ ನಡುಗಿತು, ನಗು ತಡೆದು.

ಅಷ್ಟರಲ್ಲಿ ಪಾದ ಉಜ್ಜಿಕೊಳ್ಳುತ್ತಿದ್ದ ಅಜ್ಜ ಏನೋ ಕೂಗಿ ಕೇಳಿದ. ನನಗೆ "ಎಷ್ಟಕ್ಕ ಬಿಟ್ರಿ?" ಎಂದು ಕೇಳಿಸಿತು.

"ಹತ್ತೂವರಿಕ್ಕ!" ಎಂದೆ.

ಅವನ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು. ಅವನು ಕೇಳಿದ್ದು "ಎಷ್ಟಕ್ಕ ಕೊಟ್ರಿ?" ಎಂದು! ಹತ್ತೂವರೆ ಲಕ್ಷ ಎಂಬ ಸುದ್ದಿ ಕಿವಿಯಿಂದ ಕಿವಿಗೆ ಹಾರಿ ಬಾಗಿಲನ್ನು ತಲುಪಿತು. ಅಷ್ಟಕ್ಕೆ ಷೋರೂಮಿನಿಂದ ಹೊಸದೇ ಬರುತ್ತದಲ್ಲ! "ಅಲ್ರೀ, ಅದು ಟೈಮು!" ಎಂದು ನಾನು ಗಂಟಲು ಹರಿದುಕೊಂಡೆ. ಆ ಡಗಡಗದಲ್ಲಿ ನನ್ನ ಮಾತು ನನಗೇ ಕೇಳಿಸಲಿಲ್ಲ.

ಅತ್ತೆಯ ಸೆರಗಿನೊಳಗೆ ತುಟಿ ಅಲ್ಲಾಡಿತು. ನಾಗರತ್ನಾ "ಆಂ?" ಎಂದಳು. ಅತ್ತೆ ಸ್ವಲ್ಪ ಜೋರಾಗಿ ಹೇಳಿದರು. "ಆಂ?" ಸೆರಗು ಭುಜಕ್ಕೆ ಜಾರಿತು. "ಆಂ? ಕೇಳವಲ್ದವ್ವಾ!" ಕೊನೆಗೆ ಅತ್ತೆ ಎರಡೂ ಕೈ ಬಾಯಿಗೆ ಹಿಡಿದು, ಹೊಲದ ಆಚೆ ಬದುವಿನವರನ್ನು ಕರೆಯುವ ದನಿ ತೆಗೆದರು.

ಸರಿಯಾಗಿ ಆಗಲೇ ಡೀಸೆಲ್ ಮುಗಿಯಿತು! ಎಂಜಿನ್ ಎರಡು ಸಲ ಕೆಮ್ಮಿ ಗಪ್ಪಾಯಿತು. ಅತ್ತೆ ಗಪ್ಪಾಗಲು ಮಾತ್ರ ಒಂದು ವಾಕ್ಯದಷ್ಟು ತಡವಾಯಿತು.

"...ನಿಮ್ಮಪ್ಪನೂ ಹಿಂಗ ಮಾಡಿದ್ರು! ಮ್ಯಾಲಿನ ಬಣ್ಣ ನೋಡಿ ಅಳಿಯನ್ನ ಆರಿಸಿದ್ರು, ಒಳಗ ಎಂಜಿನ್ ಅದನೋ ಇಲ್ಲೋ ನೋಡ್ಲಿಲ್ಲ!"

ಓಣಿಗೆ ಓಣಿಯೇ ನನ್ನ ಕಡೆ ತಿರುಗಿತು. ಅತ್ತೆ ನಾಲಿಗೆ ಕಚ್ಚಿಕೊಂಡು, ಸೆರಗನ್ನು ಮೂಗಿನವರೆಗೆ ಎಳೆದುಕೊಂಡು, ಬಾಗಿಲ ಮರೆಗೆ ಸರಿದರು.

ಮಲ್ಲಣ್ಣ ಬಹಳ ಮೆತ್ತಗೆ ಕೇಳಿದ. "ಚಂದಮ್ಮಾಯಿ, ಮುಂಜಾನಿ ನನ್ನ ಗಾಡಿ ಕಳಸ್ಲೇನು? ಮೊದಲು ನಿಮ್ಮ ಹೊಲಕ್ಕೇ ಬರ್ತೀನಿ."

ಒಳಗಿನಿಂದ ಬಳೆಯ ಸದ್ದಷ್ಟೇ ಬಂತು. ಅದು ಹೂಂ ಎಂದೇ ಅರ್ಥ.

ನಾನು ದೀನನಾಗಿ ನಾಗರತ್ನಾಳ ಕಡೆ ನೋಡಿದೆ. ಹೆತ್ತ ತಾಯಿಯಾದರೇನು, ಕಟ್ಟಿಕೊಂಡ ಗಂಡನ ಪರವಾಗಿ ಒಂದು ಮಾತು ಆಡಾಳು! ಅವಳು ಮಡ್‌ಗಾರ್ಡಿನಿಂದ ಇಳಿದಳು. ಚಹಾದ ಕಲೆ ಬಿದ್ದ ಸೀರೆ ಕೊಡವಿಕೊಂಡಳು. ಬಾಗಿಲ ಕಡೆ ತಿರುಗಿ, ತಾಯಿಗೆ ಸಮಾಧಾನ ಹೇಳಿದಳು.

"ಸಂಕಟ ಮಾಡ್ಕೋಬ್ಯಾಡವ್ವಾ. ಬರೇ ಇಸಾರಾ ಕೊಟ್ಟೀವಿ. ಟ್ರ್ಯಾಕ್ಟರ್ ಆದ್ರೂ ವಾಪಸ್ ಕೊಡಾಕ ಬರ್ತದ!"