ಮಲಾವಿಯ ಮೂರು ಮೆಟ್ಟಿಲು

ನಮ್ಮ ದೊಡ್ಡವ್ವ ಬ್ಯಾಡಗಿಯ ತನ್ನ ಪಡಸಾಲೆಯಲ್ಲಿ ಕೂತು ಆಫ್ರಿಕಾ ಖಂಡವನ್ನು ನಡೆಸುತ್ತಾಳೆ. ಇದು ನನ್ನ ಉತ್ಪ್ರೇಕ್ಷೆಯಲ್ಲ, ಅವಳ ನಂಬಿಕೆ! ಪಾಸ್‌ಪೋರ್ಟ್ ಇಲ್ಲ, ಇಂಗ್ಲಿಷ್ ಬರುವುದಿಲ್ಲ, ಬಸ್ಸು ಹಾವೇರಿ ದಾಟಿದರೆ ವಾಂತಿ. ಖಂಡ ನಡೆಸಲು ಇವೆಲ್ಲ ಯಾಕೆ ಬೇಕು?

ತಪ್ಪು ಅವಳ ಹಿರಿಯ ಅಳಿಯನದು. ರಾಣೆಬೆನ್ನೂರಿನ ಬೀಜದ ಕಂಪನಿಯೊಂದರ ಕೆಲಸದ ಮೇಲೆ ಮಲಾವಿ ದೇಶಕ್ಕೆ ಹೋದವನು, ಅಲ್ಲಿಯ ಹಳ್ಳಿ ಶಾಲೆಯೊಂದಕ್ಕೆ ನೆರವು ಕೂಡಿಸುತ್ತಿದ್ದ. ಒಂದು ದಿನ ವಿಡಿಯೋ ಕಾಲ್‌ನಲ್ಲಿ ಆ ಶಾಲೆಯನ್ನು ತೋರಿಸಿದ. ಹೊರಗೆ, ಕಿಟಕಿಯ ಕೆಳಗೆ ಒಬ್ಬ ಹುಡುಗಿ ಪಾಟಿ ಹಿಡಿದು ಕೂತಿದ್ದಳು.

“ಅಕಿ ಯಾಕ ಹೊರಗ ಕುಂತಾಳ?”

“ಕಾಲಾಗ ಬಲ ಇಲ್ಲ ಅತ್ತಿ. ಗಾಲಿ ಕುರ್ಚಿ ಕೊಟ್ಟಾರ, ಆದ್ರ ಅದು ಮೂರು ಮೆಟ್ಟಲ ಹತ್ತಂಗಿಲ್ಲ.”

ಅಂದೇ ದೊಡ್ಡವ್ವ ತೀರ್ಮಾನಿಸಿದಳು. ರಜೆ ಮುಗಿದು ಶಾಲೆ ತೆರೆಯುವುದರೊಳಗೆ ಅಲ್ಲಿ ಇಳಿಜಾರು ದಾರಿ ಆಗಬೇಕು, ಆ ಹುಡುಗಿ ಒಳಗೆ ಕೂಡಬೇಕು. ವಕೀಲರಾದ ನಮ್ಮ ದೊಡ್ಡಪ್ಪ ಕೂಡಲೇ ಚೆಕ್ ಬುಕ್ ತೆಗೆದರು. ಒಂದು ಸಹಿಯಲ್ಲಿ ಪೀಡೆ ತೊಲಗಲಿ ಎಂಬ ಆಸೆ ಅವರದು.

“ಒಳಗಿಡ್ರಿ,” ಎಂದಳು ದೊಡ್ಡವ್ವ. “ಕೈ ಉರೀಲಾರದ ರೊಕ್ಕ ನನಗ ಬ್ಯಾಡ.”

ಉರಿಸಿಕೊಳ್ಳಲು ಬ್ಯಾಡಗಿಯಲ್ಲಿ ಬರವೇ? ದಲಾಲರ ಅಡತಿ ಅಂಗಡಿಯಿಂದ ಮೆಣಸಿನಕಾಯಿ ಚೀಲ ತರಿಸಿ, ತೊಟ್ಟು ಬಿಡಿಸಿ, ಬಂದ ಕೂಲಿಯನ್ನು ಮಲಾವಿಗೆ ಕಳಿಸತೊಡಗಿದಳು. ವಕೀಲರ ಹೆಂಡತಿ ಕೂಲಿಗೆ! ಅಷ್ಟಕ್ಕೇ ನಿಂತಿದ್ದರೆ ಸಹಿಸಬಹುದಿತ್ತು. ಮನೆಗೆ ಬಂದವರಿಗೆ ಚಹಾ ಆಮೇಲೆ, ಮೊದಲು ಮೆಣಸಿನಕಾಯಿಯ ಮೊರ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣವೇ ಹೊರತು ಖಾರವಿಲ್ಲ ಎನ್ನುವವರು ಆ ಪಡಸಾಲೆಯಲ್ಲಿ ಎರಡು ತಾಸು ಕೂತು ನೋಡಬೇಕು.

ಅವಳ ಕಿರಿಯ ಮಗಳನ್ನು ನೋಡಲು ರಾಣೆಬೆನ್ನೂರಿನಿಂದ ಗಂಡಿನವರು ಬಂದರು. ಅವರಿಗೂ ಮೊರ! ಹುಡುಗ ಸಂಕೋಚದಿಂದಲೇ ತೊಟ್ಟು ಮುರಿದ, ಮರೆತು ಕಣ್ಣುಜ್ಜಿಕೊಂಡ, ಎಲ್ಲರೆದುರು ಗಳಗಳ ಅತ್ತ. ಲಗ್ನಕ್ಕೆ ಮೊದಲೇ ಅತ್ತು ಮುಗಿಸಿದವನು ಮುಂದೆ ತಕರಾರು ತೆಗೆಯುವುದಿಲ್ಲವೆಂದು ದೊಡ್ಡವ್ವ ಸಂಬಂಧ ಗಟ್ಟಿ ಮಾಡಿಬಿಟ್ಟಳು.

ಊರಿನ ಮುಖಂಡರೊಬ್ಬರೂ ಬುದ್ಧಿ ಹೇಳಲು ಬಂದರು. ಊರ ಶಾಲೆಗೆ ಕಮಾನು ಕಟ್ಟಿಸಿದ ದೊಡ್ಡ ಮನುಷ್ಯರು. ಆ ಕಮಾನಿನಲ್ಲಿ ಶಾಲೆಯ ಹೆಸರಿಗಿಂತ ಅವರ ಹೆಸರೇ ದಪ್ಪ.

“ನಮ್ಮೂರ ಸಾಲಿ ಬಿಟ್ಟು ಅಲ್ಲೆಲ್ಲೋ ಯಾಕ್ರಿ ಅಕ್ಕಾರ?”

“ನಿಮ್ಮ ಕಮಾನಿನ ಬುಡಕ ನಾಕು ಮೆಟ್ಟಲ ಅದಾವಲ್ರಿ, ಅವನ್ನ ಒಡಸಾಕ ನಾಳೆ ಬರ್ಲೇನು? ಅಲ್ಲೀತನಕ ಈ ಮೊರ ಹಿಡೀರಿ.”

ಮುಖಂಡರಿಗೆ ತಕ್ಷಣ ಯಾವುದೋ ಮೀಟಿಂಗು ನೆನಪಾಯಿತು.

ಮಲಾವಿಯ ಶಾಲೆ ತೆರೆಯಲು ಹತ್ತು ದಿನವಿದ್ದಾಗ ಇಳಿಜಾರಿನ ಫೋಟೋ ಬಂತು. “ಇದು ಜಾರಬಂಡಿ ಆಗೇತಿ,” ಎಂದು ಅಳಿಯನನ್ನು ಬೈದು, ಸರಿಯಾದ ಅಳತೆ ತೆಗೆಯಲು ಹಾವೇರಿಯಿಂದ ನನ್ನನ್ನೂ ನಮ್ಮವ್ವನನ್ನೂ ಕರೆಸಿದಳು. ಅವ್ವ ಅವಳ ತಂಗಿ. ಚಿಕ್ಕಂದಿನಲ್ಲೇ ಪೋಲಿಯೋದಿಂದ ಕಾಲಿನ ಬಲ ಕಳೆದುಕೊಂಡು, ಈಗ ಗಾಲಿ ಕುರ್ಚಿಯಲ್ಲಿರುವವಳು. ದೊಡ್ಡವ್ವ ಅಂಗಳದ ಮೂರು ಮೆಟ್ಟಿಲಿಗೆ ಹಲಗೆ ಆನಿಸಿದಳು. ಅವ್ವ ತಾನೇ ಗಾಲಿ ತಿರುಗಿಸಿ ಹತ್ತಬೇಕು, ಜಾರಿದರೆ ನಾನು ಹಿಂದಿನಿಂದ ತಡೆಯಬೇಕು. ಮೂರು ಸಲ ಜಾರಿದಳು, ಮೂರು ಸಲವೂ ಕುರ್ಚಿಗೆ ನನ್ನ ಮೊಣಕಾಲೇ ಸಿಕ್ಕಿತು. ನಾಲ್ಕನೆಯ ಸಲ ಇನ್ನೂ ಉದ್ದದ ಹಲಗೆ ಬಂತು, ಅವ್ವ ಒಬ್ಬಳೇ ಹತ್ತಿಬಿಟ್ಟಳು. ಆ ಅಳತೆ ಮಲಾವಿಗೆ ಹೋಯಿತು, ಹಲಗೆ ಅಂಗಳದಲ್ಲೇ ಉಳಿಯಿತು. ಇಷ್ಟು ವರ್ಷ ಅವ್ವನನ್ನು ಎತ್ತಿಕೊಂಡೇ ಆ ಮೆಟ್ಟಿಲು ದಾಟಿಸಿದ ಬುದ್ಧಿವಂತರು ನಾವು!

ಶಾಲೆ ತೆರೆದ ದಿನ ಎಲ್ಲರೂ ಪಡಸಾಲೆಯಲ್ಲಿ ಫೋನಿನ ಸುತ್ತ ಕೂತಿದ್ದೆವು. ಆ ಹುಡುಗಿ ತಾನೇ ಗಾಲಿ ತಿರುಗಿಸುತ್ತ ಹತ್ತಿ, ಬಾಗಿಲು ದಾಟಿ ಒಳಗೆ ಹೋದಳು. ನಾವು ಚಪ್ಪಾಳೆ ತಟ್ಟಿದೆವು. ದೊಡ್ಡವ್ವ ತಟ್ಟಲಿಲ್ಲ. ಮೊರದಲ್ಲಿ ಕೈಯಿಟ್ಟುಕೊಂಡೇ ಅವ್ವನಿಗೆ ಹೇಳಿದಳು.

“ನಾಕನೇ ಇಯತ್ತೆ ತನಕ ನಿನ್ನ ಬೆನ್ನ ಮ್ಯಾಲ ಹೊತ್ಕೊಂಡು ಹೋದೆ. ನನ್ನ ವರ್ಗದಂಗ ನಿನ್ನ ಐದನೇ ಇಯತ್ತೆನೂ ಮಾಳಿಗಿ ಮ್ಯಾಲಿತ್ತು. ಗೆಳತ್ಯಾರು ನಗ್ತಾರಂತ ನಿನ್ನ ಮೆಟ್ಟಲ ಕೆಳಗ ಕುಂದ್ರಿಸಿ ನಾ ಒಬ್ಬಾಕೀನ ಹತ್ತಿ ಹೋದೆ. ಅವತ್ತಿಗೆ ನಿನ್ನ ಸಾಲಿ ಮುಗೀತು. ತಿರುಗಿ ಸೈತ ನೋಡಲಿಲ್ಲ ನಾ.”

“ನೋಡಿದ್ದಿ,” ಎಂದಳು ಅವ್ವ. “ಮ್ಯಾಲಿನ ಕಿಡಕ್ಯಾಗ ನಿಂತು ಅಳಾಕತ್ತಿದ್ದಿ. ನಾ ಕೆಳಗಿಂದ ನೋಡೇನಿ.”

ಇಷ್ಟು ದಿನ ದೊಡ್ಡವ್ವನ ಮೊರ ಕಂಡು ನಕ್ಕದ್ದಕ್ಕೆ ನನಗೆ ನಾಚಿಕೆಯಾಯಿತು. ದೊಡ್ಡವ್ವ ಕಣ್ಣೊರೆಸಿಕೊಳ್ಳಲು ಕೈಯೆತ್ತಿದಳು. ಅವ್ವ ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ಬ್ಯಾಡಕ್ಕಾ, ಖಾರದ ಕೈ ಅದು. ಉರಿದದ್ದು ಸಾಕು,” ಎಂದು ತನ್ನ ಸೆರಗಿನಿಂದ ಅಕ್ಕನ ಕಣ್ಣು ಒರೆಸಿದಳು.