ನಾದಿನಿಯ ಕಿಡ್ನಿ, ನನ್ನ ನೋಟ್‌ಬುಕ್ಕು

ಓದಿದವಳು ಅನ್ನಿಸಿಕೊಂಡವಳ ಮನೆಯಲ್ಲೇ ಇಂಥವು ಯಾಕೆ ನಡೆಯುತ್ತವೋ ಕಾಣೆ. ನಮ್ಮಲ್ಲಂತೂ ತಿಂಗಳಿಗೊಂದು ತಪ್ಪುತ್ತಿರಲಿಲ್ಲ. ತೊಂಬತ್ತರ ದಶಕದ ನಡುವಿನಲ್ಲಿ ನಮ್ಮ ಮನೆಯವರಿಗೆ ಅವರ ತಂಗಿಯ ಕಿಡ್ನಿ ಕಸಿ ಮಾಡಿದರು. ಪಾಂಡವಪುರದ ಮನೆಗೆ ಬಂದ ಮೇಲೆ ಅದನ್ನು ಉಳಿಸಿಕೊಳ್ಳುವ ಹೊಣೆ ನನ್ನದು. ನಾನು ಬಿ.ಎಸ್ಸಿ. ಪಾಸಾದವಳು. ನೋಟ್‌ಬುಕ್ಕಿಗೆ ಗೆರೆ ಹಾಕಿ ಮಾತ್ರೆ, ಜ್ವರ, ಕುಡಿದ ನೀರು, ಹೋದ ಮೂತ್ರ ಎಲ್ಲಕ್ಕೂ ಒಂದೊಂದು ಕಾಲಂ ಮಾಡಿದೆ. ಆ ಪುಸ್ತಕ ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ಕಷಾಯ

ಸಿಂಧಘಟ್ಟದಿಂದ ಮನೆಯವರ ಚಿಕ್ಕಮ್ಮ, ಅಂದರೆ ನನ್ನ ಚಿಕ್ಕತ್ತೆ, ಅಮೃತಬಳ್ಳಿ ಕಷಾಯ ಹಿಡಿದು ಬಂದರು. "ಕುಡಿಯಪ್ಪ, ರೋಗ ತಡಿಯೋ ಸಕ್ತಿ ಬತ್ತದೆ."

ನಾನು ಲೋಟ ಕಿತ್ತುಕೊಂಡೆ. "ಆ ಶಕ್ತಿ ತಗ್ಗಿಸೋಕೇ ಮಾತ್ರೆ ಕೊಡ್ತಿರೋದು, ಅತ್ತೆ."

"ಇರೋ ಸಕ್ತಿ ಕಳಿಯಾಕೂ ಮಾತ್ರೆನಾ?"

ಪಾಠ ಹೇಳುವ ದನಿಯಲ್ಲಿ ವಿವರಿಸಿದೆ. "ಹೊಸ ಕಿಡ್ನಿ ಹೊರಗಿನದು ಅಂತ ಮೈಗೆ ಗೊತ್ತಾದರೆ ಜಗಳಕ್ಕೆ ಬೀಳುತ್ತೆ. ಕಿಡ್ನಿ ಹೋಗೇ ಹೋಗುತ್ತೆ."

ಚಿಕ್ಕತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಒಡುಟ್ಟಿದ ತಂಗೀದು ಕಣವ್ವ. ಜಗಳಕ್ಕೆ ಬೀಳಾಕೆ ಅದೇನು ನಿನ್ನ ತೌರ್ನೋರ್ದಾ?"

ನನ್ನ ತವರಿನಿಂದ ಒಬ್ಬರೂ ರಕ್ತ ಪರೀಕ್ಷೆಗೆ ಕೂಡ ಬಂದಿರಲಿಲ್ಲ. ನಾನು ತಲೆ ತಗ್ಗಿಸಿದೆ. ಮನೆಯವರು ಹೊಲಿಗೆ ಅಮುಕಿಕೊಂಡು ನಕ್ಕರು.

ಹುಣಸೆಹಣ್ಣು

ರಕ್ತದಲ್ಲಿ ಆಮ್ಲ ಹೆಚ್ಚಾಗಿದೆ ಎಂದು ಮೈಸೂರಿನ ಡಾಕ್ಟರು ಸೋಡಾ ಮಾತ್ರೆ ಬರೆದರು. ಮಾತ್ರೆಯೊಂದೇ ಸಾಕೆ? ಕೆಮಿಸ್ಟ್ರಿ ಓದಿದ ನಾನು ಹುಣಸೆಹಣ್ಣು, ನಿಂಬೆಹಣ್ಣು, ಮಜ್ಜಿಗೆ ಎಲ್ಲವನ್ನೂ ಮನೆಯಿಂದ ಹೊರಗೆ ಹಾಕಿದೆ. ಒಂದು ತಿಂಗಳು ಸಪ್ಪೆ ಬೇಳೆಕಟ್ಟು. ಮನೆಯವರು ತುಟಿ ಪಿಟಕ್ಕೆನ್ನದೆ ಊಟ ಮಾಡಿದರು. ನನ್ನ ಶಿಸ್ತಿಗೆ ನಾನೇ ಹಿಗ್ಗಿದೆ.

ಇದನ್ನು ಹೆಮ್ಮೆಯಿಂದ ಹೇಳಿದಾಗ ಡಾಕ್ಟರು ಕನ್ನಡಕ ತೆಗೆದರು. "ಆಮ್ಲ ಹೊರಗೆ ಹಾಕೋದು ಕಿಡ್ನಿ ಕೆಲಸ, ಅಮ್ಮಾ. ಅದಕ್ಕೆ ಕೈಲಾಗ್ದೇ ಇದ್ರೆ ಸೋಡಾ ಬೇಕು. ಹುಣಸೆಹಣ್ಣು ಏನು ಪಾಪ ಮಾಡಿತ್ತು?"

ಊರಿಗೆ ಬಂದರೆ ಪಕ್ಕದ ಮನೆಯ ಅಕ್ಕಸಾಲಿಗರ ಹೆಂಡತಿ ಬೇಲಿಯ ಹತ್ತಿರ ನಿಂತಿದ್ದಳು. "ಅಕ್ಕಾ, ಕೇಳ್ತೀನಿ ಅಂತ ಬೇಜಾರ್ ಮಾಡ್ಕಬ್ಯಾಡಿ. ಅಣ್ಣಾವ್ರು ಒಂದು ತಿಂಗ್ಳಿಂದ ದಿನಾ ನಮ್ಮನೇಲಿ ಸಾರು ಕುಡ್ದು ಓಯ್ತಾವ್ರೆ. ನೀವು ಒಲೆ ಅಚ್ಚೋದೇ ಬುಟ್ಬುಟ್ರಾ?"

ಪುಸ್ತಕ

ನನ್ನ ಪುಸ್ತಕವನ್ನು ಡಾಕ್ಟರು ಒಮ್ಮೆ ಬೇರೆ ರೋಗಿಗಳಿಗೆ ತೋರಿಸಿ, "ನೋಡಿ, ಬರೆದರೆ ಹೀಗೆ ಬರೀಬೇಕು" ಎಂದಿದ್ದರು. ಕೆಟ್ಟಿದ್ದೇ ಅಲ್ಲಿ. ಅಂದಿನಿಂದ ಒಂದು ಚಿತ್ತು ಬಿದ್ದರೂ ನನಗೆ ತಡೆಯಲಾಗುತ್ತಿರಲಿಲ್ಲ. ಭಾನುವಾರ ಸ್ಕೇಲು ಹಿಡಿದು ಕೂತು, ಒಂದೇ ಪೆನ್ನಿನಲ್ಲಿ ಇಡೀ ವಾರದ್ದನ್ನು ಮುಂಚಿತವಾಗಿಯೇ ತುಂಬಿಬಿಡುತ್ತಿದ್ದೆ.

ಒಂದು ಸಲ ಮೈಸೂರಿನಲ್ಲಿ ರಕ್ತ ಪರೀಕ್ಷೆ ತೋರಿಸಿದಾಗ ಡಾಕ್ಟರ ಹುಬ್ಬು ಗಂಟಾಯಿತು. ಕಿಡ್ನಿ ಕಾಯುವ ಮದ್ದಿನ ಮಟ್ಟ ಇಳಿದಿತ್ತು, ಆಮ್ಲ ಮತ್ತೆ ಏರಿತ್ತು.

"ಪುಸ್ತಕದಲ್ಲಿ ಒಂದು ಹೊತ್ತೂ ತಪ್ಪಿಲ್ಲ. ಹಾಗಾದ್ರೆ ಈ ಡೋಸು ಸಾಲ್ತಿಲ್ಲ, ಜಾಸ್ತಿ ಮಾಡ್ತೀನಿ. ಆದರೆ ಜಾಸ್ತಿಯಾದರೆ ಆ ಮದ್ದೇ ಕಿಡ್ನಿ ತಿನ್ನುತ್ತೆ, ಹುಷಾರು."

ಹಿಂದಿನ ವಾರ ಹೊಸಹೊಳಲಿನ ಮದುವೆಗೆ ಮೂರು ದಿನ ಹೋಗಿದ್ದೆ. ಆ ಹನಿ ಮದ್ದನ್ನು ಅವರೇ ಹಾಲಿಗೆ ಹಾಕಿಕೊಂಡು ಕುಡಿಯಬೇಕಿತ್ತು. ಕುಡಿದರೋ ಇಲ್ಲವೋ ನಾನು ಕೇಳಿರಲೂ ಇಲ್ಲ, ಪುಸ್ತಕದಲ್ಲಿ ಕುಡಿದಾಗಿತ್ತಲ್ಲ! ಮನೆಯವರು ನನ್ನ ಕಡೆ ನೋಡಿ ಸುಮ್ಮನೆ ಕೂತಿದ್ದರು. ನನ್ನ ಮಾನ ಉಳಿಸಲು ಡೋಸು ಹೆಚ್ಚಿಸಿಕೊಳ್ಳಲೂ ಆ ಮನುಷ್ಯ ತಯಾರಿದ್ದರು.

"ಬರೀಬೇಡಿ ಡಾಕ್ಟ್ರೇ," ಎಂದೆ. "ಮೂರು ದಿನ ನಾನು ಊರಲ್ಲಿರಲಿಲ್ಲ. ಅಲ್ಲಿರೋದು ಸುಳ್ಳು."

ಮನೆಯವರು ಮೆಲ್ಲಗೆ ಒಪ್ಪಿಕೊಂಡರು: "ಆ ಮದ್ದು ಎಣ್ಣೆ ವಾಸ್ನೆ ಸಾರ್. ಸೋಡಾ ಮಾತ್ರೆ ನುಂಗುದ್ರೆ ತೇಗು. ಮೂರ್ ದಿನ ರಜಾ ತಗಂಡ್ಬುಟ್ಟೆ."

ಡಾಕ್ಟರು ಪೆನ್ನು ಕೆಳಗಿಟ್ಟು ಪುಟ ತಿರುಗಿಸಿದರು. ಒಂದು ಕಡೆ ಬೆರಳಿಟ್ಟರು.

"ಹೋದ ವಾರದ್ದು ಹಾಗಿರಲಿ ತಾಯಿ. ಇದು ನಾಳೆ ತಾರೀಖು. ಜ್ವರ ಇಲ್ಲ, ಸಂತೋಷ. ಮೂತ್ರ ಎರಡು ಲೀಟರು ಅಂತಲೂ ಬರೆದಿದ್ದೀರಲ್ಲ?"

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮನೆಯವರು ನನ್ನ ಪರವಾಗಿ ಎದ್ದು ನಿಂತು ಕೈಮುಗಿದರು.

"ಅವ್ಳು ಬರ್ದಾದ್ಮೇಲೆ ಆಯ್ತು ಸಾರ್. ನಾಳೆ ಎಂಗಾದ್ರೂ ಮಾಡಿ ಎರಡು ಲೀಟ್ರು ಒಂದಿಸ್ಬುಡ್ತೀನಿ."